ದಾಸವಾಳವೋ, ಗುಲ್ಕನ್ನೋ, ಬಾಳೆ ಹೂವೋ: ಯಾವ ತೊಂದರೆಗೆ ಯಾವ ಹೂವು?

ನನ್ನ ಚಿಕ್ಕಮ್ಮನಿಗೆ ಬಿಪಿ ಇದೆ. ಒಮ್ಮೆ ಅವರ ಮನೆಗೆ ಹೋದಾಗ ಬೆಳಿಗ್ಗೆ ಅಂಗಳದಿಂದ ನಾಲ್ಕು ಕೆಂಪು ದಾಸವಾಳ ಕಿತ್ತು ತಂದು ನೀರಿಗೆ ಹಾಕಿ ಕುದಿಸುತ್ತಿದ್ದರು. "ದಾಸವಾಳದ ಟೀ ಕುಡಿದರೆ ಬಿಪಿ ಇಳಿಯುತ್ತಂತೆ ಕಣೇ, ಮೊಬೈಲಲ್ಲಿ ಬಂದಿತ್ತು" ಅಂದರು. ಆಗಲೇ ಮೂರು ತಿಂಗಳಾಗಿತ್ತು. ಬಿಪಿ ಮಾತ್ರ ಇದ್ದಲ್ಲೇ ಇತ್ತು.

ಅವರಿಗೆ ಬಂದ ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಅದು ಅವರ ಅಂಗಳದ ದಾಸವಾಳದ ವಿಷಯವೇ ಅಲ್ಲ. ಅದು ಪುಂಡಿ ಜಾತಿಯ ಒಂದು ಗಿಡದ ವಿಷಯ. ಎರಡಕ್ಕೂ ಇಂಗ್ಲಿಷಿನಲ್ಲಿ ಹಿಬಿಸ್ಕಸ್ ಅನ್ನುತ್ತಾರೆ. ಕನ್ನಡಕ್ಕೆ ಬರುವಾಗ ಎರಡೂ ದಾಸವಾಳ ಆಗಿಬಿಟ್ಟಿವೆ.

ಹೂವಿನ ಮನೆಮದ್ದಿನಲ್ಲಿ ನಾನು ಕಂಡ ತಪ್ಪುಗಳಲ್ಲಿ ಜಾಸ್ತಿ ಈ ತರಹದವೇ. ಹೆಸರು ಸರಿ, ಹೂವು ಬೇರೆ. ಇಲ್ಲವೇ ಹೂವು ಸರಿ, ತೊಂದರೆ ಬೇರೆ. ಅದಕ್ಕೇ ಇಲ್ಲಿ ಹೂವಿನ ಹೆಸರಿನಿಂದ ಶುರು ಮಾಡದೆ, ತೊಂದರೆಯಿಂದ ಶುರು ಮಾಡಿದ್ದೇನೆ. ನಿಮ್ಮ ತೊಂದರೆ ಯಾವುದು ಅಂತ ನೋಡಿಕೊಂಡು, ಅದಕ್ಕೆ ಹೊಂದುವ ಎರಡು ಮೂರು ಹೂವುಗಳಲ್ಲಿ ಯಾವುದನ್ನು ಆರಿಸಬೇಕು ಅಂತ ನೋಡೋಣ.

ಮೊದಲು ನಾಲಿಗೆಗೆ ಕೇಳಿ

ಆಯುರ್ವೇದದಲ್ಲಿ ಒಂದು ಪದಾರ್ಥದ ಗುಣ ತಿಳಿಯಲು ಮೊದಲು ನೋಡುವುದು ರುಚಿಯನ್ನು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಅಂತ ಆರು ರಸ. ಆಮೇಲೆ ಅದು ಮೈಗೆ ತಂಪೋ ಉಷ್ಣವೋ ಅನ್ನುವುದು. ಹೂವುಗಳಲ್ಲಿ ಹೆಚ್ಚಾಗಿ ಸಿಗುವ ರುಚಿ ಒಗರು. ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದಂತೆ ಆಗುತ್ತದಲ್ಲ, ಅದು. ಒಗರು ಹಿಡಿದು ನಿಲ್ಲಿಸುತ್ತದೆ. ರಕ್ತ ಹರಿಯುತ್ತಿದ್ದರೆ ಅದನ್ನು, ಭೇದಿ ಆಗುತ್ತಿದ್ದರೆ ಅದನ್ನು. ಅದೇ ಕಾರಣಕ್ಕೆ ಜಾಸ್ತಿ ತಿಂದರೆ ಮಲಬದ್ಧತೆ, ಹೊಟ್ಟೆ ಉಬ್ಬರ.

ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಬಾಳೆ ಹೂವು ಒಗರು, ದಾಸವಾಳ ಒಗರು. ಹಾಗಾಗಿ ಎರಡೂ ನಿಲ್ಲಿಸುವ ಹೂವುಗಳು. ಬೇವಿನ ಹೂವು ಕಹಿ, ಅದು ಪಿತ್ತಕ್ಕೆ, ಜಂತುಹುಳಕ್ಕೆ. ನುಗ್ಗೆ ಹೂವಿಗೆ ತುಸು ಖಾರದ ಗುಣ, ಅದು ಉಷ್ಣ. "ಹೂವು ಅಂದಮೇಲೆ ತಂಪೇ ಇರುತ್ತದೆ" ಅನ್ನುವ ಮಾತು ನುಗ್ಗೆಯ ಹತ್ತಿರ ಬಂದು ನಿಲ್ಲುತ್ತದೆ.

ಮುಟ್ಟಿನಲ್ಲಿ ಸ್ರಾವ ಜಾಸ್ತಿ ಇದ್ದರೆ: ಬಾಳೆ ಹೂವೋ, ದಾಸವಾಳವೋ?

ಹೆಣ್ಣುಮಕ್ಕಳು ನನ್ನ ಹತ್ತಿರ ಹೆಚ್ಚು ಕೇಳುವುದು ಇದನ್ನೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎರಡೂ ಹಳೆಯ ಮದ್ದುಗಳು. ದಾಸವಾಳಕ್ಕೆ ಸಂಸ್ಕೃತದಲ್ಲಿ ಜಪಾ ಅನ್ನುತ್ತಾರೆ. ಹದಿನಾರನೇ ಶತಮಾನದ ಭಾವಪ್ರಕಾಶ ಅನ್ನುವ ಆಯುರ್ವೇದದ ಗ್ರಂಥದಲ್ಲಿ ಅದಕ್ಕೆ ಹೇಳಿರುವ ಮುಖ್ಯ ಗುಣಗಳು ಎರಡು. ಒಂದು, ಸಂಗ್ರಾಹಿ, ಅಂದರೆ ಹಿಡಿದು ನಿಲ್ಲಿಸುವುದು. ಇನ್ನೊಂದು, ಕೂದಲಿಗೆ ಒಳ್ಳೆಯದು. ಮಲೆನಾಡಿನ ಮನೆಗಳಲ್ಲಿ ಐದಾರು ಹೂವಿನ ಎಸಳನ್ನು ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಾರೆ. ಮೂರು ನಾಲ್ಕು ಜನರಿಗೆ ಅಷ್ಟು ಸಾಕು. ಬಿಳಿ ಸೆರಗಿನ ತೊಂದರೆ ಇದ್ದರೆ ಬಿಳಿ ದಾಸವಾಳವನ್ನೇ ಹುಡುಕುತ್ತಾರೆ.

ಬಾಳೆ ಹೂವಿಗೆ ಕೆಲವು ಕಡೆ ಬಾಳೆ ಕುಂಡಿಗೆ, ಕೆಲವು ಕಡೆ ಬಾಳೆ ಮೋತೆ ಅನ್ನುತ್ತಾರೆ. ಬೇಯಿಸಿದ ಬಾಳೆ ಹೂವನ್ನು ಮೊಸರಿನ ಜೊತೆ ತಿನ್ನುವುದು ಜಾಸ್ತಿ ಸ್ರಾವಕ್ಕೆ ಮನೆಮನೆಯ ಮದ್ದು.

ಎರಡರಲ್ಲಿ ಒಂದು ಆರಿಸಿ ಅಂದರೆ ನಾನು ಬಾಳೆ ಹೂವು ಅನ್ನುತ್ತೇನೆ. ಕಾರಣ ಇದೆ. ಬಾಳೆ ಹೂವು ತರಕಾರಿ. ಒಂದು ಊಟಕ್ಕೆ ಒಂದು ಬಟ್ಟಲು ಪಲ್ಯ ತಿಂದರೂ ಹೊಟ್ಟೆ ತಡೆದುಕೊಳ್ಳುತ್ತದೆ. ನಾರು ಇರುವುದರಿಂದ ಒಗರಿದ್ದರೂ ಮಲ ಅಷ್ಟಾಗಿ ಕಟ್ಟುವುದಿಲ್ಲ. ದಾಸವಾಳ ಹಾಗಲ್ಲ. ಅದನ್ನು ತಂಬುಳಿಯಲ್ಲಿ ಅಪರೂಪಕ್ಕೆ ತಿನ್ನುವುದು ಬೇರೆ, ಮದ್ದು ಅಂತ ದಿನಾ ಹತ್ತು ಹೂವು ತಿನ್ನುವುದು ಬೇರೆ. 1970ರ ದಶಕದಲ್ಲೇ ನಮ್ಮ ದೇಶದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ದಾಸವಾಳ ಹೂವಿನ ಸತ್ವ ಗರ್ಭ ನಿಲ್ಲುವುದನ್ನು ತಡೆದದ್ದು ಕಂಡುಬಂದಿದೆ. ಇಲಿಗೆ ಆದದ್ದು ಮನುಷ್ಯರಿಗೂ ಹಾಗೇ ಆಗಬೇಕು ಅಂತಿಲ್ಲ. ಆದರೂ ಬಸುರಿಯರು ಮತ್ತು ಮಗುವಿಗಾಗಿ ಕಾಯುತ್ತಿರುವವರು ದಾಸವಾಳವನ್ನು ಮದ್ದಾಗಿ ತಿನ್ನಬಾರದು. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಮದುವೆಯಾಗಿ ಎರಡು ವರ್ಷವಾದ ಹುಡುಗಿಯರಿಗೆ "ಮುಟ್ಟು ಸರಿ ಆಗುತ್ತೆ, ದಾಸವಾಳ ತಿನ್ನು" ಅಂತ ಹೇಳುವ ದೊಡ್ಡವರು ಇನ್ನೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಅದಕ್ಕೇ ಗೊತ್ತಿದ್ದವರು ತಿಳಿಸಿ ಹೇಳಬೇಕು.

ಬಾಳೆ ಹೂವು ಯಾರಿಗೆ ಬೇಡ? ಕಿಡ್ನಿ ತೊಂದರೆ ಇದ್ದು, ಡಾಕ್ಟರ್ ಪೊಟ್ಯಾಸಿಯಂ ಕಮ್ಮಿ ಮಾಡಿ ಅಂದಿದ್ದರೆ ಬೇಡ. ಬಾಳೆಯ ಹಣ್ಣಿನಂತೆ ಹೂವಿನಲ್ಲೂ ಅದು ಚೆನ್ನಾಗಿದೆ.

ಬಿಡಿಸುವುದು ಕಷ್ಟ ಅಂತ ತುಂಬಾ ಜನ ಇದನ್ನು ತರುವುದೇ ಇಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಕಲೆ ಆಗುವುದಿಲ್ಲ. ಹೊರಗಿನ ನೇರಳೆ ಪಕಳೆ ತೆಗೆದರೆ ಒಳಗೆ ಸಾಲಾಗಿ ಪುಟ್ಟ ಹೂಗಳಿರುತ್ತವೆ. ಪ್ರತಿ ಹೂವಿನೊಳಗೆ ತುದಿ ದಪ್ಪ ಇರುವ ಒಂದು ಗಟ್ಟಿ ಕಡ್ಡಿ, ಬುಡದಲ್ಲಿ ಪ್ಲಾಸ್ಟಿಕ್ ತರಹದ ಒಂದು ಚಿಕ್ಕ ಎಸಳು ಇರುತ್ತದೆ. ಇವೆರಡನ್ನೂ ಕಿತ್ತು ಹಾಕಬೇಕು, ಬೇಯುವುದಿಲ್ಲ. ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕಿ. ಕಪ್ಪಾಗುವುದಿಲ್ಲ, ಒಗರೂ ತಗ್ಗುತ್ತದೆ. ಒಳಗಿನ ಬಿಳಿ ಎಳೆ ತಿರುಳನ್ನು ಹಾಗೇ ಹೆಚ್ಚಬಹುದು. ಸಂಜೆ ಟಿವಿ ನೋಡುತ್ತಾ ಬಿಡಿಸಿಟ್ಟುಕೊಂಡರೆ ಬೆಳಿಗ್ಗೆ ಹತ್ತು ನಿಮಿಷದ ಪಲ್ಯ.

ಇನ್ನು ಯಾವಾಗ ಹೂವು ಸಾಲದು ಅನ್ನುವುದು. ಗಂಟೆಗೊಂದು ಪ್ಯಾಡ್ ಬದಲಿಸಬೇಕಾಗಿದ್ದರೆ, ದೊಡ್ಡ ಗಡ್ಡೆ ಗಡ್ಡೆಯಾಗಿ ಹೋಗುತ್ತಿದ್ದರೆ, ತಲೆಸುತ್ತು ಬರುತ್ತಿದ್ದರೆ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸರಿ, ತಂಬುಳಿ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಸುರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಕಬ್ಬಿಣದ ಮಾತ್ರೆ ನುಂಗುವವರು ಒಗರಿನ ಕಷಾಯವನ್ನೂ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು. ಒಗರು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಡುವೆ ಎರಡು ಗಂಟೆ ಬಿಡಿ.

ಉಷ್ಣ, ಬಾಯಿ ಹುಣ್ಣು, ಮಲಬದ್ಧತೆ: ಗುಲ್ಕನ್ ಅಥವಾ ತಂಬುಳಿ

"ಉಷ್ಣ ಆಗಿದೆ" ಅನ್ನುವ ನಮ್ಮ ಒಂದು ಮಾತಿನಲ್ಲಿ ಹತ್ತು ತೊಂದರೆ ಸೇರಿಕೊಂಡಿವೆ. ಬಾಯಿ ಹುಣ್ಣು, ಎದೆ ಉರಿ, ಉರಿಮೂತ್ರ, ಕಣ್ಣುರಿ. ಇವುಗಳ ಜೊತೆಗೆ ಮಲಬದ್ಧತೆ ಇದೆಯೋ, ಇಲ್ಲ ಹೊಟ್ಟೆ ಸಡಿಲ ಆಗಿದೆಯೋ ಅಂತ ಮೊದಲು ನೋಡಿ. ಮಲಬದ್ಧತೆ ಇದ್ದರೆ ಗುಲ್ಕನ್. ಹೊಟ್ಟೆ ಸಡಿಲ ಇದ್ದರೆ ದಾಸವಾಳದ ತಂಬುಳಿ. ಕರಾವಳಿ ಕಡೆಯವರು ಅದಕ್ಕೆ ಕೇಪಳದ ಹೂವಿನ ತಂಬುಳಿಯನ್ನೂ ಮಾಡುತ್ತಾರೆ. ಕಾಡಂಚಿನಲ್ಲಿ ಬೆಳೆಯುವ ಕೆಂಪು ಕೇಪಳ ಅದು. ನರ್ಸರಿಯ ಹಳದಿ, ಗುಲಾಬಿ ಬಣ್ಣದವು ಅಲ್ಲ.

ಗುಲ್ಕನ್ ಅನ್ನುವ ಹೆಸರು ಪರ್ಷಿಯನ್ನಿನದು. ಗುಲ್ ಅಂದರೆ ಹೂವು, ಕಂದ್ ಅಂದರೆ ಸಕ್ಕರೆ. ಹೆಸರಲ್ಲೇ ಪಾಕ ಇದೆ, ಅಲ್ವಾ? ನಮ್ಮಲ್ಲಿ ಇದು ಬೀಡಾದೊಳಗೆ ಸೇರಿದೆ. ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಬೆಣ್ಣೆಯ ಜೊತೆಯೂ ಸಿಗುತ್ತದೆ. ಮದ್ದಾಗಿ ಬೇಕಾದರೆ ದೊಡ್ಡವರಿಗೆ ರಾತ್ರಿ ಒಂದರಿಂದ ಎರಡು ಚಮಚ, ಉಗುರುಬೆಚ್ಚಗಿನ ಹಾಲಿನ ಜೊತೆ. ಮಕ್ಕಳಿಗೆ ಅರ್ಧ ಚಮಚ ಸಾಕು. ಬೇಸಿಗೆಯಲ್ಲಿ ಹದಿನೈದು ದಿನ ತಿಂದು ಬಿಡುವು ಕೊಡಿ.

ಅಂಗಡಿಯ ಗುಲ್ಕನ್ ಆರಿಸುವಾಗ ಬಣ್ಣ ನೋಡಿ. ಬಿಸಿಲಲ್ಲಿ ಪಾಕವಾದ ಗುಲ್ಕನ್ ಕಂದು ಕಲೆತ ಗಾಢ ಕೆಂಪು. ಫಳಫಳ ಹೊಳೆಯುವ ಗುಲಾಬಿ ಬಣ್ಣ ಇದ್ದರೆ ಅದಕ್ಕೆ ಬಣ್ಣ ಹಾಕಿರುವ ಅನುಮಾನ ಪಡಬಹುದು. ಚಮಚದಲ್ಲಿ ಎತ್ತಿದಾಗ ಎಸಳಿನ ನಾರು ಕಾಣಬೇಕು. ಬರೀ ಅಂಟು ಪಾಕ ಇದ್ದರೆ ಹೂವು ಕಮ್ಮಿ. ತಿಂದ ಮೇಲೆ ಸಿಹಿ ಹೋಗಿ ಕೊನೆಗೆ ಒಂದು ಸಣ್ಣ ಒಗರು ಉಳಿದರೆ ಒಳ್ಳೆಯ ಗುಲ್ಕನ್. ಡಬ್ಬಿಯ ಹಿಂದೆ ಗ್ಲೂಕೋಸ್ ಸಿರಪ್, ಎಸೆನ್ಸ್ ಅಂತ ಇದ್ದರೆ ವಾಪಸ್ ಇಟ್ಟುಬಿಡಿ. ಪ್ರವಾಳ ಸೇರಿಸಿದ ಗುಲ್ಕನ್ ಕೂಡ ಸಿಗುತ್ತದೆ. ಪ್ರವಾಳ ಅಂದರೆ ಹವಳ, ಅದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದು ತಿಂಡಿಯಲ್ಲ, ಔಷಧಿ. ಕಿಡ್ನಿಯಲ್ಲಿ ಕಲ್ಲು ಆದವರು ಕೇಳದೆ ತಿನ್ನಬೇಡಿ.

ಮನೆಯಲ್ಲಿ ಮಾಡುವುದೇ ಮೇಲು. ಆದರೆ ಯಾವ ಗುಲಾಬಿ? ಉದ್ದ ದಂಟಿನ, ಬೊಕ್ಕೆಗೆ ಕಟ್ಟುವ ಗುಲಾಬಿ ಬೇಡವೇ ಬೇಡ. ಅದನ್ನು ತಿನ್ನಲು ಬೆಳೆದಿರುವುದಿಲ್ಲ. ಕಲೆಯಿಲ್ಲದ ಹೂ ಬರಲಿ ಅಂತ ಔಷಧಿ ಹೊಡೆದಿರುತ್ತಾರೆ. ಅದಕ್ಕೆ ಪರಿಮಳವೂ ಇರುವುದಿಲ್ಲ. ಬೇಕಾದದ್ದು ಪನ್ನೀರು ಗುಲಾಬಿ. ತಿಳಿ ಗುಲಾಬಿ ಬಣ್ಣ, ತೆಳು ಎಸಳು, ಮೂಗಿಗೆ ಹಿಡಿದರೆ ಘಮ್ ಅನ್ನುತ್ತದೆ. ಹಿತ್ತಿಲಲ್ಲಿ ಒಂದು ಗಿಡ ಇದ್ದರೆ ವಾರಕ್ಕೆ ಅಷ್ಟಿಷ್ಟು ಹೂವು ಸಿಗುತ್ತದೆ. ಎಸಳು ತೊಳೆದು ನೆರಳಲ್ಲಿ ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಒಂದು ಹನಿ ನೀರು ಉಳಿದರೂ ಬೂಸಲು ಬರುತ್ತದೆ. 250 ಗ್ರಾಂ ಎಸಳಿಗೆ 250 ಗ್ರಾಂ ಕುಟ್ಟಿದ ಕಲ್ಲುಸಕ್ಕರೆ. ಗಾಜಿನ ಜಾಡಿಯಲ್ಲಿ ಒಂದು ಪದರ ಎಸಳು, ಒಂದು ಪದರ ಸಕ್ಕರೆ. ಮೂರು ನಾಲ್ಕು ವಾರ ದಿನಾ ಬಿಸಿಲಿಗಿಡಿ. ಒಣ ಚಮಚದಲ್ಲಿ ಎರಡು ದಿನಕ್ಕೊಮ್ಮೆ ಮಗುಚಿ. ಒಲೆಯ ಮೇಲೆ ಕುದಿಸಿ ಅರ್ಧ ಗಂಟೆಯಲ್ಲಿ ಮಾಡುವುದು ಗುಲಾಬಿ ಜ್ಯಾಮ್. ರುಚಿ ಇರುತ್ತದೆ, ಆದರೆ ಅದು ಗುಲ್ಕನ್ ಅಲ್ಲ.

ಶುಗರ್ ಇರುವವರು ಏನು ಮಾಡಬೇಕು? ಗುಲ್ಕನ್ನಿನಲ್ಲಿ ಅರ್ಧಕ್ಕರ್ಧ ಸಕ್ಕರೆ. "ಕಲ್ಲುಸಕ್ಕರೆ ತಂಪು, ಏನೂ ಆಗಲ್ಲ" ಅನ್ನುವ ಮಾತು ನಂಬಬೇಡಿ. ಅದೂ ಸಕ್ಕರೆಯೇ. ಅವರು ಒಣಗಿಸಿದ ಪನ್ನೀರು ಗುಲಾಬಿ ಎಸಳನ್ನು ಬಿಸಿ ನೀರಲ್ಲಿ ಹತ್ತು ನಿಮಿಷ ಮುಚ್ಚಿಟ್ಟು ಕುಡಿಯಬಹುದು. ಉರಿಗೆ ಹಿತ. ಮಲಬದ್ಧತೆಗೆ ಮಾತ್ರ ಗುಲ್ಕನ್ನಿನಷ್ಟು ಕೆಲಸ ಮಾಡುವುದಿಲ್ಲ. ಅದಕ್ಕೆ ಬಾಳೆ ಹೂವಿನ ಪಲ್ಯದ ನಾರು ಮೇಲು.

ಬಾಯಿ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಮಲ ಕಪ್ಪಗೆ ಹೋಗುತ್ತಿದ್ದರೆ ಅದು ಉಷ್ಣದ ಮಾತಲ್ಲ. ತೋರಿಸಿ. ಅಡಿಕೆ, ತಂಬಾಕು ಹಾಕುವವರಂತೂ ಒಂದು ದಿನವೂ ತಡ ಮಾಡಬಾರದು.

ಬಿಪಿಗೆ ಯಾವ "ದಾಸವಾಳ"?

ಚಿಕ್ಕಮ್ಮನ ವಿಷಯಕ್ಕೆ ಬರೋಣ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಗೆ ಪುಂಡಿ ಪಲ್ಯ ಗೊತ್ತಲ್ಲ, ಆ ಪುಂಡಿಯ ಜಾತಿಯಲ್ಲೇ ಕೆಂಪು ಬಗೆಯೊಂದಿದೆ. ರೋಸೆಲ್ ಅಂತಲೂ ಕರೆಯುತ್ತಾರೆ. ಹೂವು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ದಪ್ಪ ಕೆಂಪು ಎಸಳುಗಳು ಉಳಿಯುತ್ತವೆ. ಅವು ನಿಜವಾದ ಹೂವಿನ ಎಸಳಲ್ಲ, ಹೂವನ್ನು ಹೊತ್ತಿದ್ದ ಹೊರಗಿನ ಹೊದಿಕೆ. ಅವನ್ನು ಒಣಗಿಸಿದರೆ ಸಿಗುವುದೇ ಪೇಟೆಯ "ಹಿಬಿಸ್ಕಸ್ ಟೀ". ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಪಿ ಸ್ವಲ್ಪ ಹೆಚ್ಚಿದ್ದ 65 ಜನ ಭಾಗವಹಿಸಿದ್ದರು. ದಿನಕ್ಕೆ ಮೂರು ಲೋಟದಂತೆ ಆರು ವಾರ ಈ ಟೀ ಕುಡಿದವರ ಮೇಲಿನ ಬಿಪಿ ಸುಮಾರು 7 ಅಂಕ ಇಳಿದಿತ್ತು. ಬರೀ ಅದರ ರುಚಿಯ ನೀರು ಕುಡಿದವರದು ಸುಮಾರು 1 ಅಂಕ. 7 ಅಂಕ ಅಂದರೆ ಸಣ್ಣದಲ್ಲ. ಹಾಗಂತ ಮಾತ್ರೆ ಬಿಡುವಷ್ಟು ದೊಡ್ಡದೂ ಅಲ್ಲ.

ಎರಡನ್ನೂ ಗುರುತಿಸುವುದು ಸುಲಭ. ಬಾಯಿಗೆ ಹಾಕಿ ನೋಡಿ. ಪುಂಡಿಯದು ಹುಣಸೆಯಂತೆ ಹುಳಿ. ದಾಸವಾಳ ಹುಳಿ ಅಲ್ಲ, ಲೋಳೆ. ಪುಂಡಿಯ ಎಸಳು ಒಣಗಿದರೂ ದಪ್ಪ, ತೊಗಲಿನ ಹಾಗೆ. ದಾಸವಾಳದ್ದು ಒಣಗಿದರೆ ಕಾಗದದ ಹಾಗೆ. ಪೊಟ್ಟಣದ ಮೇಲೆ ಸಸ್ಯದ ಹೆಸರಿದ್ದರೆ ಇನ್ನೂ ಸುಲಭ. ಹಿಬಿಸ್ಕಸ್ ಸಬ್ಡರಿಫಾ ಅಂದರೆ ಪುಂಡಿ, ಹಿಬಿಸ್ಕಸ್ ರೋಸಾ ಸೈನೆನ್ಸಿಸ್ ಅಂದರೆ ದಾಸವಾಳ.

ಬಿಪಿಗೆ ಅಂತಲೇ ಬೇಕಾದರೆ ಪುಂಡಿಯ ಟೀ ಆರಿಸಿ. ಸಕ್ಕರೆ ಹಾಕದೆ ಕುಡಿಯಿರಿ. ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳಿ ಶುರು ಮಾಡಿ. ಎರಡೂ ಸೇರಿ ಬಿಪಿ ಜಾಸ್ತಿ ಇಳಿದರೆ ಎದ್ದು ನಿಂತಾಗ ತಲೆ ತಿರುಗುತ್ತದೆ. ಹುಳಿ ಆಗದವರಿಗೆ, ಎದೆ ಉರಿ ಇರುವವರಿಗೆ ಇದು ಒಗ್ಗುವುದಿಲ್ಲ. ಬಸುರಿಯರಿಗೆ ಇದೂ ಬೇಡ.

ಹಾಗಾದರೆ ಅಂಗಳದ ದಾಸವಾಳ ಬರೀ ಪೂಜೆಗಾ? ಅಲ್ಲ. ತಂಬುಳಿಗೆ ಇದೆ, ತಲೆಗೂದಲಿಗೆ ಇದೆ. ಎಲೆಯ ಲೋಳೆ ತಲೆಗೆ ಹಚ್ಚಿ ತೊಳೆದರೆ ಸಿಗುವ ನುಣುಪು ಯಾವ ಕಂಡೀಷನರಿಗೂ ಕಮ್ಮಿ ಇಲ್ಲ. ಚಿಕ್ಕಮ್ಮ ಈಗ ಹಾಗೇ ಬಳಸುತ್ತಾರೆ.

ಶುಗರಿಗೆ ಆವರಿಕೆ

ಚಿತ್ರದುರ್ಗ, ಬಳ್ಳಾರಿ, ಕೋಲಾರದ ಬಯಲಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಹಳದಿ ಹೂವಿನ ಪೊದೆಗಳು ಕಾಣುತ್ತವೆ. ಆವರಿಕೆ. ತಂಗಡಿ ಅಂತಲೂ ಹೇಳುತ್ತಾರೆ. ತೆಲಂಗಾಣದ ರಾಜ್ಯದ ಹೂವು ಇದೇ, ಅಲ್ಲಿನ ಬತುಕಮ್ಮ ಹಬ್ಬದಲ್ಲಿ ಇದನ್ನು ಜೋಡಿಸುತ್ತಾರೆ. ಆಯುರ್ವೇದದಲ್ಲಿ ಪ್ರಮೇಹಕ್ಕೆ, ಅಂದರೆ ಸಕ್ಕರೆ ಕಾಯಿಲೆಯೂ ಸೇರಿದ ಮೂತ್ರದ ತೊಂದರೆಗಳಿಗೆ, ಇದನ್ನು ಹೇಳಿದ್ದಾರೆ. ತಮಿಳಿನವರ ಸಿದ್ಧ ವೈದ್ಯದಲ್ಲಿ ಇದಕ್ಕೆ ಇನ್ನೂ ದೊಡ್ಡ ಜಾಗ. ಅಲ್ಲಿನ "ಆವಾರೈ ಕುಡಿನೀರ್" ಅನ್ನುವ ಕಷಾಯ ಮಧುಮೇಹಕ್ಕೆ ಕೊಡುವಂಥದ್ದು.

ಇದಕ್ಕೆ ಜೊತೆಗಾರ ಹೂವು ನಾನು ಹೇಳುವುದಿಲ್ಲ. ಬೇವಿನ ಹೂವನ್ನು ಹಲವರು ಶುಗರಿಗೆ ಅಂತ ತಿನ್ನುತ್ತಾರೆ. ಕಹಿ ತಿಂದರೆ ಸಿಹಿ ಇಳಿಯುತ್ತದೆ ಅನ್ನುವ ಲೆಕ್ಕ ಅದು. ಯುಗಾದಿಯ ಬೇವು ಬೆಲ್ಲಕ್ಕೆ, ಒಣಗಿಸಿಟ್ಟು ತುಪ್ಪದಲ್ಲಿ ಹುರಿದು ಸಾರಿಗೆ ಹಾಕುವುದಕ್ಕೆ ಬೇವಿನ ಹೂವು ಚಂದ. ಶುಗರಿಗೆ ಅಂತ ಹೂವು ಆರಿಸುವುದಾದರೆ ಆವರಿಕೆಯೇ.

ಒಂದು ಚಮಚ ಒಣ ಹೂವು, ಒಂದೂವರೆ ಲೋಟ ನೀರು, ಕುದ್ದು ಒಂದು ಲೋಟ ಆದ ಮೇಲೆ ಸೋಸಿ. ದಿನಕ್ಕೆ ಒಂದು ಸಲ ಸಾಕು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹೇಳದೆ ಕೇಳದೆ ಶುರು ಮಾಡಬಾರದು. ಶುಗರ್ ತೀರಾ ಇಳಿದರೆ ಬೆವರು, ಕೈ ನಡುಕ ಬರುತ್ತದೆ, ಎಚ್ಚರ ತಪ್ಪಲೂಬಹುದು. ಹೂವು ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದನ್ನು ಮೈ ಹಗುರಾಗಿದೆ ಅಂತ ಹೇಳಿ ತೀರ್ಮಾನಿಸಬೇಡಿ. ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಶುರುವಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಮಾಡಿಸಿ. ಅದು ಹೇಳಿದ್ದನ್ನು ನಂಬಿ.

ಕೀಳಲು ಹೋಗುವವರಿಗೆ ಒಂದು ಗುರುತು. ಹಳದಿ ಹೂವು ನೂರೆಂಟು ಇವೆ. ಆವರಿಕೆಯಲ್ಲಿ ಎಲೆಯ ಕಡ್ಡಿ ಕಾಂಡಕ್ಕೆ ಸೇರುವ ಕಡೆ ಕಿವಿಯಂತೆ ದುಂಡಗೆ ಅಗಲವಾದ ಪುಟ್ಟ ಎಲೆ ಅಂಟಿಕೊಂಡಿರುತ್ತದೆ. ಕಾಯಿ ಚಪ್ಪಟೆ. ಹೆದ್ದಾರಿ ಪಕ್ಕದ್ದು ಕೀಳಬೇಡಿ, ಹೊಗೆ, ಧೂಳು ಎಲ್ಲ ಅದರ ಮೇಲೇ ಕೂತಿರುತ್ತದೆ. ಹೊಲದ ಬದುವಿನದು ಒಳ್ಳೆಯದು.

ನೀಲಿ ಟೀ ಮತ್ತು ನೆನಪಿನ ಶಕ್ತಿ

ಪರೀಕ್ಷೆಯ ಸಮಯಕ್ಕೆ ಮಕ್ಕಳಿಗೆ ಕುಡಿಸಲು ನೀಲಿ ಶಂಖಪುಷ್ಪದ ಟೀ ಕೊಳ್ಳುವ ಅಮ್ಮಂದಿರು ಇದನ್ನು ಓದಬೇಕು. ಚರಕ ಸಂಹಿತೆಯಲ್ಲಿ ಬುದ್ಧಿಗೆ ಒಳ್ಳೆಯದು ಅಂತ ನಾಲ್ಕು ಮೇಧ್ಯ ರಸಾಯನ ಹೇಳಿದ್ದಾರೆ. ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಅದರಲ್ಲೂ ಶಂಖಪುಷ್ಪಿಯೇ ವಿಶೇಷ ಅಂದಿದ್ದಾರೆ. ಈ ಶಂಖಪುಷ್ಪಿ ಅಂತ ಹೆಚ್ಚಿನ ವೈದ್ಯರು ಬಳಸುವುದು ನೆಲಕ್ಕೆ ಹರಡುವ ಒಂದು ಚಿಕ್ಕ ಗಿಡವನ್ನು. ಹೂವು ಬಿಳಿ ಅಥವಾ ತಿಳಿ ಗುಲಾಬಿ. ಬೇಲಿಗೆ ಹಬ್ಬುವ ನೀಲಿ ಹೂವಿನ ಬಳ್ಳಿ ಬೇರೆ. ಅದು ಅಪರಾಜಿತಾ, ಗಿರಿಕರ್ಣಿಕೆ ಅಂತಲೂ ಹೆಸರಿದೆ. ಕೇರಳದ ವೈದ್ಯರು ಈ ಬಳ್ಳಿಯನ್ನೇ ಶಂಖಪುಷ್ಪಿ ಅಂತ ಬಳಸುವುದುಂಟು. ಆದರೆ ಅವರು ಬಳಸುವುದು ಬೇರನ್ನು.

ಅಂದರೆ ನೀಲಿ ಹೂವಿನ ಟೀಗೆ ನೆನಪಿನ ಶಕ್ತಿಯ ಹೆಸರು ಬಂದದ್ದು ಬೇರೆ ಗಿಡದಿಂದ, ಇಲ್ಲವೇ ಬೇರೆ ಭಾಗದಿಂದ. ಮಗುವಿಗೆ ಓದಿನ ಸಮಯದಲ್ಲಿ ಏನಾದರೂ ಕೊಡಬೇಕು ಅನಿಸಿದರೆ ಒಂದೆಲಗದ ಚಟ್ನಿ, ತಂಬುಳಿ ಕೊಡಿ. ಹೂವಲ್ಲದಿದ್ದರೂ ಅದೇ ಸರಿಯಾದ ಆಯ್ಕೆ. ನೀಲಿ ಟೀ ಕುಡಿಯಬೇಡಿ ಅಂತಲ್ಲ. ನಿಂಬೆ ಹಿಂಡಿದರೆ ನೀಲಿ ಹೋಗಿ ನೇರಳೆ ಆಗುವುದು ಮಕ್ಕಳಿಗೆ ಖುಷಿ. ಅತಿಥಿಗಳಿಗೆ ಕೊಡಲು ಚಂದ. ಬಳ್ಳಿಯ ಬೀಜ ಮತ್ತು ಬೇರು ಮಾತ್ರ ಭೇದಿ ಮಾಡಿಸುತ್ತವೆ, ಅವುಗಳನ್ನು ಮುಟ್ಟಬೇಡಿ. ಯಾವುದೇ ಹೂವಿನ ಟೀಗೆ ಜೇನು ಹಾಕುವುದಾದರೆ ಉಗುರುಬೆಚ್ಚಗಾದ ಮೇಲೆ ಹಾಕಿ. ಜೇನನ್ನು ಕಾಯಿಸಬಾರದು ಅನ್ನುವುದು ಆಯುರ್ವೇದದ ಗಟ್ಟಿ ಮಾತು.

ನುಗ್ಗೆ, ಅಗಸೆ

ಕಫದ ಮೈಯವರಿಗೆ, ಮಳೆಗಾಲದಲ್ಲಿ ಮೈ ಜಡ ಅನಿಸುವವರಿಗೆ ನುಗ್ಗೆ ಹೂವಿನ ಪಲ್ಯ. ಉಷ್ಣದ ಮೈಯವರಿಗೆ ಅಗಸೆ ಹೂವು. ಅದು ತಂಪು, ಇರುಳುಗಣ್ಣಿಗೆ ಒಳ್ಳೆಯದು ಅಂತ ಭಾವಪ್ರಕಾಶದಲ್ಲಿದೆ. ಬಿಳಿಯದು ಕೆಂಪಿನದು ಎರಡೂ ಇವೆ. ಹೂವಿನ ನಡುವಿನ ಕೇಸರ ಕಿತ್ತು ಹಾಕಿದರೆ ಕಹಿ ಕಮ್ಮಿ. ಉತ್ತರ ಕರ್ನಾಟಕದಲ್ಲಿ ಅಗಸಿ ಅಂದರೆ ಚಟ್ನಿಪುಡಿ ಮಾಡುವ ಕಾಳು. ಇಲ್ಲಿ ಹೇಳುತ್ತಿರುವುದು ಅಗಸೆ ಮರದ ಹೂವು. ಇಲ್ಲೂ ಹೆಸರಿನದೇ ಗೊಂದಲ. ರಾತ್ರಿ ಕಣ್ಣು ಮಂಜಾದರೆ ಹೂವಿನ ಪಲ್ಯದ ಜೊತೆಗೆ ಕಣ್ಣಿನ ಪರೀಕ್ಷೆಯೂ ಆಗಲಿ.

ನೀವು ಗೊತ್ತಿಲ್ಲದೆಯೇ ಕುಡಿದಿರುವ ಒಂದು ಹೂವೂ ಇದೆ. ಧಾತಕಿ. ಅರಿಷ್ಟ, ಆಸವ ಅನ್ನುವ ಆಯುರ್ವೇದದ ದ್ರವ ಔಷಧಿಗಳನ್ನು ಹುಳಿ ಬರಿಸಲು ಹಾಕುವುದು ಈ ಕೆಂಪು ಹೂವನ್ನೇ. ಅದನ್ನು ಮನೆಯಲ್ಲಿ ಪ್ರಯೋಗ ಮಾಡುವ ಅಗತ್ಯ ಇಲ್ಲ.

ಎಲ್ಲಿಂದ ತರಬೇಕು, ಯಾವುದನ್ನು ಮುಟ್ಟಬಾರದು

ದೇವರಿಗೆ ಏರಿಸುವ ಹೂವೆಲ್ಲ ತಿನ್ನುವ ಹೂವಲ್ಲ. ಕಣಗಿಲೆ, ಕಾಡುಕಣಗಿಲೆ, ಎಕ್ಕ, ದತ್ತೂರಿ ನಾಲ್ಕೂ ವಿಷ. ಕಣಗಿಲೆಯ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. 2024ರ ಮೇ ತಿಂಗಳಲ್ಲಿ ಕೇರಳದಲ್ಲಿ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಕಣಗಿಲೆ ಬಳಸುವುದನ್ನು ನಿಲ್ಲಿಸಿತು. ಮನೆಯಲ್ಲಿ ಪೂಜೆಯ ಬುಟ್ಟಿಯಿಂದಲೇ ದಾಸವಾಳ ತೆಗೆದು ಅಡುಗೆಗೆ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಬೇರೆ ಹೂವಿನ ಹಾಲು, ಎಸಳು ಅಂಟಿರಬಹುದು. ತಿನ್ನುವ ಹೂವಿಗೆ ಬೇರೆ ಪಾತ್ರೆ ಇಡಿ.

ಒಣ ಹೂವು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಚೀಲದಿಂದ ತೂಗಿಸಿಕೊಳ್ಳುವ ಮೊದಲು ಒಂದು ಹಿಡಿ ಕೈಯಲ್ಲಿ ಹಿಡಿದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಎಸಳಿನ ನಡುವೆ ಪುಡಿ ಪುಡಿ ಇದ್ದರೆ ಹುಳ ಹಿಡಿದಿದೆ. ಪೊಟ್ಟಣದ್ದಾದರೆ ಆಹಾರ ಅಂತ ಮಾರುವುದರ ಮೇಲೆ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಔಷಧಿ ಅಂತ ಮಾರುವುದರ ಮೇಲೆ ಆಯುರ್ವೇದ ಔಷಧಿ ತಯಾರಿಕೆಯ ಲೈಸೆನ್ಸ್ ನಂಬರ್ ಇರಬೇಕು. ಎರಡೂ ಇಲ್ಲದೆ "ನೂರಕ್ಕೆ ನೂರು ನ್ಯಾಚುರಲ್" ಅಂತ ಮಾತ್ರ ಇದ್ದರೆ ಕೊಳ್ಳಬೇಡಿ. ನಾನೇ ಒಮ್ಮೆ ಆನ್‌ಲೈನಲ್ಲಿ ಆವರಿಕೆ ಹೂವು ತರಿಸಿದ್ದೆ. ಬಿಚ್ಚಿ ನೋಡಿದರೆ ಅರ್ಧ ಎಲೆ, ಕಡ್ಡಿ. ಅಂದಿನಿಂದ ಪುಡಿ ಮಾಡಿದ್ದನ್ನು ಕೊಳ್ಳುವುದೇ ಇಲ್ಲ. ಇಡೀ ಹೂವಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ.

ಕುಂಡದಲ್ಲಿ ಬೆಳೆಯುವವರಿಗೆ ಕೊನೆಯದಾಗಿ ಒಂದು ಮಾತು. ನರ್ಸರಿಯಿಂದ ತಂದ ದಾಸವಾಳಕ್ಕೆ ಹಿಟ್ಟುತಿಗಣೆ ಬಾರದಿರಲಿ ಅಂತ ಔಷಧಿ ಹಾಕಿರುತ್ತಾರೆ. ಕೆಲವು ಔಷಧಿ ಗಿಡದ ಒಳಗೇ ಇಳಿದು ಹೂವಿಗೂ ಬರುತ್ತವೆ, ತೊಳೆದರೂ ಹೋಗುವುದಿಲ್ಲ. ಹಾಗಾಗಿ ಮೊದಲ ನಾಲ್ಕೈದು ತಿಂಗಳ ಹೂವು ದೇವರಿಗಿರಲಿ. ಅದಕ್ಕಿಂತ ಒಳ್ಳೆಯ ದಾರಿ, ಗೊತ್ತಿದ್ದವರ ಮನೆಯಿಂದ ಐದು ಎಸಳಿನ ಕೆಂಪು ದಾಸವಾಳದ ಒಂದು ಗೇಣು ಕಡ್ಡಿ ತಂದು ಮಳೆಗಾಲದ ಶುರುವಿಗೆ ನೆಡುವುದು. ತಿಗಣೆ ಬಂದರೆ ಜೋರಾಗಿ ನೀರು ಬಿಟ್ಟು ತೊಳೆಯಿರಿ, ಬೇವಿನೆಣ್ಣೆಗೆ ಒಂದೆರಡು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯಿರಿ. ಅದಾದ ಮೇಲೆ ಒಂದು ವಾರ ಅಡುಗೆಗೆ ಹೂವು ಕೀಳಬೇಡಿ. ದಾಸವಾಳ ಒಂದೇ ದಿನದ ಹೂವು. ತಂಬುಳಿಗೆ ಬೇಕಾದರೆ ಬೆಳಿಗ್ಗೆ ಎಂಟರೊಳಗೆ ಕಿತ್ತು, ಇರುವೆ ಕೊಡವಿ, ನಡುವಿನ ಕೇಸರದ ಕಡ್ಡಿಯನ್ನೂ ಬುಡದ ಹಸಿರು ತೊಟ್ಟನ್ನೂ ತೆಗೆದು ಎಸಳು ಮಾತ್ರ ಬಾಣಲೆಗೆ ಹಾಕಿ.